ಟ್ಯಾಂಕಿನ ನೆತ್ತಿಯ ಮೇಲಿನ ಸಾಕ್ಷಿ



ಕಾರಿನಲ್ಲಿ ಯಾರ ಕಣ್ಣಿಗೂ ಬೀಳದ ಭಾಗವೆಂದರೆ ಪೆಟ್ರೋಲ್ ಟ್ಯಾಂಕ್. ಕಾರು ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಟ್ಯಾಂಕನ್ನು ನೋಡುವವರು ವಿರಳ. ಆದರೆ ಅಮೆರಿಕದ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಈ ಮಾತು ತಲೆಕೆಳಗಾಗಿದೆ. ಲಕ್ಷಗಟ್ಟಲೆ ಡಾಲರ್ ಎಣಿಸುವ ಮುನ್ನ ತಿಳಿದವರು ಕೇಳುವ ಪ್ರಶ್ನೆಗಳಲ್ಲಿ ಎರಡು ಟ್ಯಾಂಕಿಗೇ ಸಂಬಂಧಿಸಿದವು. ಟ್ಯಾಂಕ್ ಕಾರ್ಖಾನೆಯಲ್ಲಿ ಕೂರಿಸಿದ್ದೇ? ಅದರ ಮೇಲಿನ ಕಾಗದ ಉಳಿದಿದೆಯೇ?

ಆ ಕಾರಿನ ಹೆಸರು ಷೆವರ್ಲೆ ಕಾರ್ವೆಟ್. ಜನರಲ್ ಮೋಟಾರ್ಸ್ ಕಂಪನಿ 1953ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ ಇದರ ತಯಾರಿಕೆ ಆರಂಭಿಸಿತು. ಮೊದಲ ವರ್ಷ ಹೊರಬಂದದ್ದು ಕೇವಲ 300 ಕಾರು. ನಂತರ ತಯಾರಿಕೆ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ, 1981ರವರೆಗೆ ಅಲ್ಲೇ ನಡೆಯಿತು. ಈ ಕಾರಿನ ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು. ಆದ್ದರಿಂದ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಕೆಳಗಿನ ಚೌಕಟ್ಟು ಉಕ್ಕಿನದು. ಸಾಮಾನ್ಯ ಕಾರ್ವೆಟ್‌ನ ಟ್ಯಾಂಕೂ ಉಕ್ಕಿನದೇ. ಅವಕ್ಕೆ ತುಕ್ಕು ತಪ್ಪಿದ್ದಲ್ಲ. ಇಂದಿನ ಮಾತಿಗೆಲ್ಲ ಮೂಲವಾದ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಸಂಖ್ಯೆ ಹೇಳದ ಸಂಗತಿ

ಹಳೆಯ ಕಾರೊಂದು ಅಸಲಿಯೇ ಎಂದು ತಿಳಿಯಲು ಇಷ್ಟೆಲ್ಲ ಪಾಡು ಏಕೆ? ಭಾರತದಲ್ಲಿ ವಾಹನದ ಆರ್‌ಸಿ ಪುಸ್ತಕ ತೆರೆದರೆ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಸಿಗುತ್ತವೆ. ಗಾಡಿಯ ಮೇಲೆ ಕೆತ್ತಿದ ಸಂಖ್ಯೆಗೆ ಅವನ್ನು ತಾಳೆ ನೋಡಿದರಾಯಿತು ಎಂದು ಯಾರಾದರೂ ಕೇಳಬಹುದು.

ಕಾರ್ವೆಟ್‌ನಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. 1960ರ ದಶಕದ ಕಾರ್ವೆಟ್‌ನ ಗುರುತಿನ ಸಂಖ್ಯೆ ಹೇಳುವುದು ನಾಲ್ಕು ಸಂಗತಿ ಮಾತ್ರ: ಕಾರಿನ ಮಾದರಿ, ವರ್ಷ, ತಯಾರಾದ ಕಾರ್ಖಾನೆ ಮತ್ತು ಕ್ರಮಸಂಖ್ಯೆ. ಯಾವ ಎಂಜಿನ್ ಇತ್ತು ಎಂಬುದು ಅದರಲ್ಲಿಲ್ಲ. ಎಂಜಿನ್ನಿನ ಗುರುತು ಆ ಸಂಖ್ಯೆಯೊಳಗೆ ಸೇರಿದ್ದು 1972ರ ಮಾದರಿಯಿಂದ. ಕಾರಿನ ಒಳಗಿನ ಸಣ್ಣ ಲೋಹದ ಪಟ್ಟಿಯ ಮೇಲೆ ಬಣ್ಣ, ಸೀಟಿನ ಬಟ್ಟೆ, ಮೈ ತಯಾರಾದ ದಿನ ಇವುಗಳ ಸಂಕೇತ ಇರುತ್ತದೆ. ಗಿರಾಕಿ ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಂಡ ಸಲಕರಣೆಗಳ ಪಟ್ಟಿ ಅಲ್ಲಿಯೂ ಇಲ್ಲ.

ಬೆಲೆ ನಿಂತಿರುವುದಾದರೋ ಈ ಹೆಚ್ಚುವರಿ ಸಲಕರಣೆಗಳ ಮೇಲೆಯೇ. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಕಾರುಗಳಲ್ಲಿ ಒಂದಕ್ಕೆ ಸಾಧಾರಣ ಎಂಜಿನ್, ಇನ್ನೊಂದಕ್ಕೆ ಓಟದ ಎಂಜಿನ್ ಇದ್ದರೆ, ಇಂದು ಅವುಗಳ ಬೆಲೆಯ ಅಂತರ ಹತ್ತಿಪ್ಪತ್ತು ಪಟ್ಟಿಗೂ ಮೀರಬಹುದು.

ಹಾಗಾದರೆ ಕಂಪನಿಯನ್ನೇ ಕೇಳಬಹುದಲ್ಲ? ಇಂಗ್ಲೆಂಡಿನ ಜಾಗ್ವಾರ್ ಕಾರುಗಳಿಗೆ ಹಳೆಯ ಲೆಡ್ಜರುಗಳನ್ನು ನೋಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಜನರಲ್ ಮೋಟಾರ್ಸ್ ಬಳಗದ್ದೇ ಆದ ಪಾಂಟಿಯಾಕ್ ಕಾರುಗಳ ದಾಖಲೆಗಳೂ ಉಳಿದುಬಂದಿವೆ. ಆದರೆ ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕಾರ್ವೆಟ್‌ಗಳಿಗೆ, ಯಾವ ಕಾರಿಗೆ ಯಾವ ಸಲಕರಣೆ ಹಾಕಲಾಯಿತು ಎಂಬ ಬಿಡಿಬಿಡಿ ಲೆಕ್ಕ ಕಂಪನಿಯಿಂದ ಸಿಗುವುದಿಲ್ಲ. ಕಾರು ಯಾವಾಗ ತಯಾರಾಯಿತು, ಯಾವ ಡೀಲರಿಗೆ ಹೋಯಿತು ಎಂಬಷ್ಟು ತಿಳಿಯಲು ಸಾಧ್ಯ. ಕೆನಡಾದಲ್ಲಿ ಹೊಸದಾಗಿ ಮಾರಾಟವಾದ ಕಾರುಗಳ ಮಾಲೀಕರು ಮಾತ್ರ ಅದೃಷ್ಟವಂತರು; ಅಲ್ಲಿನ ಶಾಖೆ ತನ್ನ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ಹೀಗೆ ದಾಖಲೆಯ ಬಾಗಿಲು ಮುಚ್ಚಿದ ಮೇಲೆ ಕಾರೇ ತನ್ನ ಸಾಕ್ಷಿ ಹೇಳಬೇಕಾಯಿತು. ಅದರಲ್ಲಿ ಟ್ಯಾಂಕಿನದು ಎರಡು ಪಾತ್ರ. ಕೆಲವು ಕಾರುಗಳಲ್ಲಿ ಟ್ಯಾಂಕೇ ಅಪರೂಪದ ಸಲಕರಣೆ. ಇನ್ನು ಕೆಲವುಗಳಲ್ಲಿ ಟ್ಯಾಂಕ್ ಸಾಮಾನ್ಯವಾದದ್ದೇ, ಆದರೆ ಅದರ ನೆತ್ತಿಯ ಮೇಲೆ ಅಪರೂಪದ ಕಾಗದ ಇದೆ.

ಓಟಕ್ಕೆಂದು ಬಂದ ದೊಡ್ಡ ಟ್ಯಾಂಕ್

1963ರಲ್ಲಿ ‘ಸ್ಟಿಂಗ್ ರೇ’ ಎಂಬ ಹೊಸ ರೂಪದ ಕಾರ್ವೆಟ್ ಬಂತು. ಅದರ ಸಾಮಾನ್ಯ ಟ್ಯಾಂಕ್ ಹಿಡಿಯುತ್ತಿದ್ದದ್ದು 20 ಗ್ಯಾಲನ್, ಅಂದರೆ ಸುಮಾರು 76 ಲೀಟರ್. ಊರಿಂದೂರಿಗೆ ಹೋಗುವವರಿಗೆ ಇದು ಧಾರಾಳವಾಯಿತು. ಆದರೆ ಫ್ಲಾರಿಡಾದ ಸೆಬ್ರಿಂಗ್‌ನಂಥ ಕಡೆ 12 ಗಂಟೆಗಳ ಓಟ ನಡೆಯುತ್ತಿತ್ತು. ಅಂಥ ಓಟದಲ್ಲಿ ಗೆಲುವನ್ನು ನಿರ್ಧರಿಸುವುದು ವೇಗ ಒಂದೇ ಅಲ್ಲ, ಇಂಧನಕ್ಕಾಗಿ ಎಷ್ಟು ಬಾರಿ ನಿಲ್ಲಬೇಕು ಎಂಬುದೂ ಹೌದು.

ಒಂದು ಲೆಕ್ಕ ನೋಡಿ. ಓಟದ ಭರದಲ್ಲಿ ಕಾರು ಗ್ಯಾಲನ್ನಿಗೆ 6 ಮೈಲಿ ಓಡುತ್ತದೆ ಎಂದಿಟ್ಟುಕೊಳ್ಳಿ. 20 ಗ್ಯಾಲನ್ನಿಗೆ 120 ಮೈಲಿಯಾಯಿತು. ಆಗಿನ ಸೆಬ್ರಿಂಗ್ ಪಥದ ಒಂದು ಸುತ್ತು 5.2 ಮೈಲಿ. ಅಂದರೆ 23 ಸುತ್ತಿಗೆ ಟ್ಯಾಂಕ್ ಬರಿದು. ಅದೇ ಟ್ಯಾಂಕ್ 36.5 ಗ್ಯಾಲನ್ನಿನದಾದರೆ 42 ಸುತ್ತು ಹೋಗಬಹುದು. ಪ್ರತಿಸ್ಪರ್ಧಿ ಎರಡು ಸಲ ನಿಲ್ಲುವ ಹೊತ್ತಿಗೆ ಈ ಕಾರು ಒಂದೇ ಸಲ ನಿಂತಿರುತ್ತದೆ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು ಜೋರಾ ಆರ್ಕಸ್-ಡಂಟಾಫ್. ಬ್ರಸೆಲ್ಸ್‌ನಲ್ಲಿ 1909ರಲ್ಲಿ ಹುಟ್ಟಿ, 1953ರಲ್ಲಿ ಜನರಲ್ ಮೋಟಾರ್ಸ್ ಸೇರಿದ ಎಂಜಿನಿಯರ್. ಕಾರ್ವೆಟ್‌ಗೆ ಓಟದ ಗುಣ ಬಂದದ್ದು ಬಹುಮಟ್ಟಿಗೆ ಇವರಿಂದ. ಆದರೆ ಅಮೆರಿಕದ ಕಾರು ತಯಾರಕರ ಸಂಘ 1957ರಲ್ಲಿ, ಕಂಪನಿಗಳು ನೇರವಾಗಿ ಓಟದಲ್ಲಿ ತೊಡಗಬಾರದೆಂದು ತೀರ್ಮಾನಿಸಿತ್ತು. ಮುಂಬಾಗಿಲು ಮುಚ್ಚಿದ್ದರಿಂದ ಡಂಟಾಫ್ ಹಿತ್ತಲ ಬಾಗಿಲು ಹುಡುಕಿದರು. ಕಂಪನಿ ಓಡಿಸುವುದು ಬೇಡ. ಓಟಕ್ಕೆ ಸಜ್ಜಾದ ಕಾರನ್ನು ಯಾವ ಗಿರಾಕಿಯಾದರೂ ಡೀಲರಿನ ಅಂಗಡಿಯಲ್ಲೇ ಕೊಳ್ಳುವಂತಾದರೆ ಸಾಕು ಎಂಬುದು ಅವರ ಉಪಾಯ. ಆ ಸಲಕರಣೆಗಳ ಕಟ್ಟಿಗೆ ಇಟ್ಟ ಸಂಕೇತ ‘ಜಡ್-06’. ದೊಡ್ಡ ಬ್ರೇಕು, ಗಟ್ಟಿ ಸ್ಪ್ರಿಂಗು, ಇಂಧನವನ್ನು ಚಿಮ್ಮಿಸುವ ಎಂಜಿನ್ ಇವುಗಳ ಜೊತೆಗೆ ಮೊದಮೊದಲು ದೊಡ್ಡ ಟ್ಯಾಂಕೂ ಅದರಲ್ಲಿ ಸೇರಿತ್ತು. ಆಮೇಲೆ ಟ್ಯಾಂಕನ್ನು ಬೇರ್ಪಡಿಸಿ ‘ಎನ್-03’ ಎಂಬ ಪ್ರತ್ಯೇಕ ಸಂಕೇತದಡಿ ಮಾರಲಾಯಿತು.

1962ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನಡೆದ ಮೂರು ಗಂಟೆಗಳ ಓಟದಲ್ಲಿ ಈ ಕಾರುಗಳು ಮೊದಲ ಬಾರಿಗೆ ಕಣಕ್ಕಿಳಿದವು. ಹೊಸದಾಗಿ ಬಂದಿದ್ದ ಕೋಬ್ರಾ ಕಾರು ಮುಂದಿದ್ದು, ಹಿಂದಿನ ಆಕ್ಸಲ್ ಭಾಗ ಮುರಿದು ಹಿಂದೆ ಸರಿಯಿತು. ಡಗ್ ಹೂಪರ್ ಓಡಿಸಿದ ಜಡ್-06 ಕಾರ್ವೆಟ್ ಗೆದ್ದಿತು.

ದೊಡ್ಡ ಟ್ಯಾಂಕ್ ಉಕ್ಕಿನದಲ್ಲ, ಫೈಬರ್‌ಗ್ಲಾಸಿನದು. ಸೀಟಿನ ಹಿಂದೆ ಪೆಟ್ಟಿಗೆ ಇಡುವ ಜಾಗವನ್ನೆಲ್ಲ ಅದು ನುಂಗುತ್ತಿತ್ತು. ಆದ್ದರಿಂದ ಮುಚ್ಚಿದ ಛಾವಣಿಯ ಕೂಪೆ ಕಾರಿಗಷ್ಟೇ ಅದನ್ನು ಅಳವಡಿಸಬಹುದಿತ್ತು. ಮನೆಮಂದಿಯ ಸಾಮಾನು ಹೇರಿಕೊಂಡು ಹೋಗುವವರು ಇದನ್ನೇಕೆ ಕೊಂಡಾರು? ಸುಮಾರು 200 ಡಾಲರ್ ಹೆಚ್ಚು ತೆತ್ತು ಕೊಂಡವರು ಬೆರಳೆಣಿಕೆಯವರು. 1963ರಲ್ಲಿ ತಯಾರಾದ 21,513 ಕಾರ್ವೆಟ್‌ಗಳಲ್ಲಿ ಈ ಟ್ಯಾಂಕ್ ಇದ್ದದ್ದು 63ಕ್ಕೆ. 1964ರಲ್ಲಿ 38, 1965ರಲ್ಲಿ 41, 1966ರಲ್ಲಿ 66, 1967ರಲ್ಲಿ ಕೇವಲ 2. ಐದು ವರ್ಷಕ್ಕೆ ಒಟ್ಟು 210.

ಅಂದು ಯಾರಿಗೂ ಬೇಡವಾಗಿದ್ದ ಟ್ಯಾಂಕ್ ಇಂದು ಸಂಗ್ರಾಹಕರ ಕಣ್ಮಣಿ. ಬೆಲೆ ಏರಿದಂತೆ ಹೊಸ ಟ್ಯಾಂಕ್ ತಂದು ಹಳೆಯ ಕಾರಿನಲ್ಲಿ ಕೂರಿಸುವ ಆಸೆಯೂ ಏರಿತು. ಹಾಗಾಗಿ ಪರೀಕ್ಷಕರು ಟ್ಯಾಂಕನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಟ್ಯಾಂಕ್ ಕೂರಲು ಸುತ್ತಲಿನ ಫೈಬರ್‌ಗ್ಲಾಸಿನಲ್ಲಿ ಆದ ಮಾರ್ಪಾಟು ಕಾರ್ಖಾನೆಯ ಕೆಲಸವೇ, ಆಮೇಲೆ ಯಾರೋ ಕೊಯ್ದು ಅಂಟಿಸಿದ್ದೇ ಎಂದು ನೋಡುತ್ತಾರೆ. ಜೊತೆಗೆ ಮೊದಲ ಬಿಲ್ಲು, ಓಟದ ದಿನಗಳ ಛಾಯಾಚಿತ್ರ, ಕೈಬದಲಾದ ಮಾಲೀಕರ ಸರಣಿ ಎಲ್ಲವನ್ನೂ ಕೇಳುತ್ತಾರೆ. ಏಕೆಂದರೆ 1963ರ ಕಾರಿನ ಟ್ಯಾಂಕಿನ ಮೇಲೆ ಸಾಕ್ಷಿ ಹೇಳುವ ಕಾಗದ ಇರುತ್ತಿರಲಿಲ್ಲ. ಆ ಕಾಗದ ಬಂದದ್ದು ಆಮೇಲೆ.

ಕೆಲಸಗಾರರಿಗೆಂದು ಅಂಟಿಸಿದ ಹಾಳೆ

ಕಾರ್ಖಾನೆಯ ಸಾಲಿನಲ್ಲಿ ಒಂದರ ಹಿಂದೆ ಒಂದು ಕಾರು ಬರುತ್ತಿರುತ್ತದೆ. ಒಂದು ಕೆಂಪು, ಇನ್ನೊಂದು ನೀಲಿ. ಒಂದಕ್ಕೆ ರೇಡಿಯೋ ಬೇಕು, ಇನ್ನೊಂದಕ್ಕೆ ಬೇಡ. ಯಾವ ಕಾರಿಗೆ ಏನು ಹಾಕಬೇಕು ಎಂದು ಕೆಲಸಗಾರರಿಗೆ ತಿಳಿಯಲು ಪ್ರತಿ ಕಾರಿಗೂ ಒಂದು ಹಾಳೆ ಅಚ್ಚಾಗುತ್ತಿತ್ತು. ಚೌಕಚೌಕವಾಗಿ ಗೆರೆ ಹಾಕಿದ ಹಾಳೆ. ಅದರಲ್ಲಿ ಕಾರಿನ ಗುರುತು, ಡೀಲರಿನ ಗುರುತು, ಬಣ್ಣ, ಎಂಜಿನ್, ಗೇರ್‌ಪೆಟ್ಟಿಗೆ ಮತ್ತು ಉಳಿದ ಸಲಕರಣೆಗಳ ಸಂಕೇತಗಳು. 1967ರ ಮಾದರಿಯಿಂದೀಚೆಗೆ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಈ ಹಾಳೆಯ ಒಂದು ಪ್ರತಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಸುವ ರೂಢಿ ಬಂತು. ಟ್ಯಾಂಕ್ ತನ್ನ ಜಾಗಕ್ಕೆ ಏರಿದ ಮೇಲೆ ಹಾಳೆ ಟ್ಯಾಂಕಿಗೂ ಕಾರಿನ ಮೈಗೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಕಿತ್ತುಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಈ ಹಾಳೆಯ ಬೆಲೆ ಇರುವುದೇ ಇಲ್ಲಿ. ಇದನ್ನು ಅಂಟಿಸಿದವರಿಗೆ ಮುಂದಿನ ತಲೆಮಾರಿಗೆ ಪುರಾವೆ ಒದಗಿಸುವ ಉದ್ದೇಶ ಇರಲಿಲ್ಲ. ಯಾರನ್ನೋ ನಂಬಿಸಬೇಕಾದ ಗರಜೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಪಾಳಿಯ ಕೆಲಸ ತಪ್ಪಿಲ್ಲದೆ ಮುಗಿಯುವುದು. ಸಾಕ್ಷಿ ಹೇಳಬೇಕೆಂಬ ಯೋಚನೆಯೇ ಇಲ್ಲದೆ ಹುಟ್ಟಿದ ಕಾಗದವಾದ್ದರಿಂದಲೇ ಅದರ ಮಾತಿಗೆ ತೂಕ ಹೆಚ್ಚು. ಜಾಹೀರಾತು ಹಿಗ್ಗಿಸಿ ಹೇಳಬಹುದು, ಮಾರುವವರು ಮರೆಮಾಚಬಹುದು. ಕೆಲಸದ ಹಾಳೆಗೆ ಅದರ ಅಗತ್ಯವೇ ಇಲ್ಲ.

ಎಷ್ಟು ತೂಕ ಎಂಬುದಕ್ಕೆ ‘ಎಲ್-88’ ಎಂಬ ಎಂಜಿನ್ನಿನ ಕಥೆ ಸಾಕು. 427 ಘನ ಇಂಚಿನ ಈ ಎಂಜಿನ್ ಓಟಕ್ಕೆಂದೇ ಮಾಡಿದ್ದು. ಸಾಮಾನ್ಯರು ಕೊಳ್ಳದಿರಲಿ ಎಂದು ಕಂಪನಿ ಅದರ ಶಕ್ತಿಯನ್ನು 430 ಅಶ್ವಶಕ್ತಿ ಎಂದು ಇಳಿಸಿಯೇ ಹೇಳಿತು. ನಿಜವಾದ ಶಕ್ತಿ 500 ದಾಟುತ್ತಿತ್ತು. 1967ರಲ್ಲಿ ಇದಕ್ಕೆ ಕೊಡಬೇಕಿದ್ದ ಹೆಚ್ಚುವರಿ ಹಣ ಸುಮಾರು 948 ಡಾಲರ್. ಆ ವರ್ಷ ಅಂಥ ಕಾರು ತಯಾರಾದದ್ದು 20. ಮರುವರ್ಷ 80, 1969ರಲ್ಲಿ 116. 2014ರ ಜನವರಿಯಲ್ಲಿ ಅರಿಜೋನಾದ ಹರಾಜೊಂದರಲ್ಲಿ 1967ರ ಎಲ್-88 ಕೂಪೆ 38.5 ಲಕ್ಷ ಡಾಲರಿಗೆ ಮಾರಾಟವಾಯಿತು. ಎಲ್-88 ಎಂಬ ಮೂರು ಅಕ್ಷರ ಹಾಳೆಯ ಮೇಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದನ್ನು ಇದರಿಂದ ಊಹಿಸಬಹುದು.

ಕನ್ನಡಿ ಬೇಕಾದ ಹುಣ್ಣು

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಟ್ಯಾಂಕಿನ ನೆತ್ತಿಯ ಕಾಗದಕ್ಕೆ ಮಾತ್ರ ಕನ್ನಡಿಯೇ ಬೇಕು. ಹಿಡಿಕೆಯಿರುವ ಪುಟ್ಟ ಕನ್ನಡಿ ಮತ್ತು ಟಾರ್ಚ್, ಅಥವಾ ಸಂದಿಯಲ್ಲಿ ತೂರಿಸಬಲ್ಲ ಸಣ್ಣ ಕ್ಯಾಮೆರಾ ಹಿಡಿದು ಮೊದಲು ಹಾಳೆ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಓದಬೇಕಾದರೆ ಟ್ಯಾಂಕನ್ನೇ ಇಳಿಸಬೇಕು.

ಇಳಿಸುವುದು ಅವಸರದ ಕೆಲಸವಲ್ಲ. ಬ್ಯಾಟರಿ ತಂತಿ ಬಿಚ್ಚಿ, ಗಾಳಿಯಾಡುವ ಕಡೆ ಪೆಟ್ರೋಲನ್ನು ಪೂರ್ತಿ ಹೊರತೆಗೆದು, ಕಿಡಿ ಏಳುವ ಯಾವುದೂ ಹತ್ತಿರ ಇಲ್ಲದಂತೆ ನೋಡಿಕೊಳ್ಳಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಈ ಕಾರುಗಳಲ್ಲಿ ಸ್ಟೆಪ್ನಿ ಚಕ್ರ ಟ್ಯಾಂಕಿನ ಕೆಳಗೇ ತೂಗುತ್ತಿರುತ್ತದೆ. ಅದನ್ನೂ ಅದರ ತೊಟ್ಟಿಲನ್ನೂ ಬಿಚ್ಚಿದ ಮೇಲೆ ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳನ್ನು ಸಡಿಲಿಸಿ ನಿಧಾನವಾಗಿ ಕೆಳಗಿಳಿಸುತ್ತಾರೆ.

ಐವತ್ತು ವರ್ಷ ತೇವ, ಧೂಳು, ಪೆಟ್ರೋಲ್ ಆವಿ, ಇಲಿಗಳ ಕಾಟ ಎಲ್ಲ ಸಹಿಸಿದ ಕಾಗದ ಮುಟ್ಟಿದರೆ ಹುಡಿಯಾಗುವಂತಿರಬಹುದು. ಅದಕ್ಕೇ ಬಲ್ಲವರು ಮೊದಲು ಒರೆಸುವುದಿಲ್ಲ. ಇದ್ದ ಸ್ಥಿತಿಯಲ್ಲೇ ಛಾಯಾಚಿತ್ರ ತೆಗೆಯುತ್ತಾರೆ. ಓರೆಯಾಗಿ ಬೆಳಕು ಬಿಟ್ಟಾಗ ಮಾಸಿದ ಅಕ್ಷರಗಳೂ ಎದ್ದು ಕಾಣುತ್ತವೆ. ಹಾಳೆಯನ್ನು ಟ್ಯಾಂಕಿನಿಂದ ಕೀಳದೆ ಹಾಗೆಯೇ ಬಿಡುವುದು ಲೇಸು. ಕಾಗದ ಟ್ಯಾಂಕಿನ ಮೇಲೆಯೇ ಇದೆ ಎಂಬುದೂ ಸಾಕ್ಷಿಯ ಒಂದು ಭಾಗ. ಕಿತ್ತು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ನೋಡಲು ಚಂದ. ಆದರೆ ಅದು ಯಾವ ಟ್ಯಾಂಕಿನದು ಎಂಬ ಪ್ರಶ್ನೆ ಮುಂದೆ ಯಾವಾಗಲೂ ಉಳಿಯುತ್ತದೆ.

ನಕಲಿಯ ಕೈಚಳಕ

ಬೆಲೆ ಬಂದ ಕಾಗದಕ್ಕೆ ನಕಲು ಬರದಿರುತ್ತದೆಯೇ? ಅದೇ ಬಗೆಯ ಗೆರೆ ಹಾಕಿದ ಹಾಳೆ ಅಚ್ಚು ಮಾಡಿ, ಬೇಕಾದ ಸಂಕೇತ ತುಂಬಿ, ಕಾಫಿ ಕಷಾಯದಲ್ಲಿ ಅದ್ದಿದಂತೆ ಹಳದಿ ಬಣ್ಣ ಬರಿಸಿ ಅಂಟಿಸುವವರು ಹುಟ್ಟಿಕೊಂಡರು. ಇದು ಹೊಸ ಚಾಳಿಯೇನೂ ಅಲ್ಲ. ಹಿಂದಿನ ರಾಜರ ಹೆಸರಿನಲ್ಲಿ ಆಮೇಲಿನವರು ಬರೆಯಿಸಿದ ಸುಳ್ಳು ತಾಮ್ರಪಟಗಳನ್ನು ಶಾಸನತಜ್ಞರು ಕೂಟಶಾಸನ ಎನ್ನುತ್ತಾರೆ. ಲಿಪಿ ಒಂದು ಕಾಲದ್ದು, ಹೇಳುವ ತೇದಿ ಇನ್ನೊಂದು ಕಾಲದ್ದು ಆದಾಗ ಅವು ಸಿಕ್ಕಿಬೀಳುತ್ತವೆ. ಟ್ಯಾಂಕಿನ ಕಾಗದವೂ ಸಿಕ್ಕಿಬೀಳುವುದು ಇದೇ ರೀತಿಯಲ್ಲಿ, ಒಳಗಿನ ವಿರೋಧದಿಂದ.

ಉದಾಹರಣೆಗೆ, 1967ರಲ್ಲಿ ಎಲ್-88 ಎಂಜಿನ್ ಬೇಕೆಂದವರು ಬಲವಾದ ಬ್ರೇಕು, ಗಡುಸಾದ ಸ್ಪ್ರಿಂಗು, ವಿಶೇಷ ಇಗ್ನಿಷನ್ ಇವುಗಳನ್ನು ಕಡ್ಡಾಯವಾಗಿ ಕೊಳ್ಳಬೇಕಿತ್ತು. ಹೀಟರ್ ಬಿಡಲೇಬೇಕಿತ್ತು. ರೇಡಿಯೋ ಸಿಗುತ್ತಿರಲಿಲ್ಲ. ಹಾಳೆಯ ಒಂದು ಮೂಲೆಯಲ್ಲಿ ಎಲ್-88 ಎಂದೂ ಇನ್ನೊಂದು ಮೂಲೆಯಲ್ಲಿ ರೇಡಿಯೋದ ಸಂಕೇತ ಯು-69 ಎಂದೂ ಇದ್ದರೆ, ಆ ಹಾಳೆಯನ್ನು ಬರೆದವರು ಕಾರ್ಖಾನೆಯವರಲ್ಲ.

ಎರಡನೆಯದು ತಾಳೆ. ಹಾಳೆಯ ಮೇಲಿನ ಬಣ್ಣ ಲೋಹದ ಪಟ್ಟಿಯ ಬಣ್ಣಕ್ಕೆ ಹೊಂದಬೇಕು. ಎಂಜಿನ್ ಬ್ಲಾಕಿನ ಮುಂದೆ ಬಲಬದಿಯ ನಯವಾದ ಜಾಗದಲ್ಲಿ ಕುಟ್ಟಿದ ಅಕ್ಷರಗಳಿರುತ್ತವೆ: ಯಾವ ಕಾರ್ಖಾನೆ, ಯಾವ ದಿನ, ಯಾವ ಬಗೆಯ ಎಂಜಿನ್ ಎಂದು. 1967ರ ಎಲ್-88 ಎಂಜಿನ್ನಿಗೆ ಕೊನೆಯ ಎರಡು ಅಕ್ಷರ ‘ಐಟಿ’. ಪಕ್ಕದಲ್ಲೇ ಕಾರಿನ ಕ್ರಮಸಂಖ್ಯೆಯೂ ಇರಬೇಕು. ಎಂಜಿನ್ ತಯಾರಾದ ದಿನ ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಬೇಕು. ಮಗ ಹುಟ್ಟಿದ ಮೇಲೆ ತಂದೆ ಹುಟ್ಟುವುದುಂಟೆ? ಈ ಕುಟ್ಟಿದ ಅಕ್ಷರಗಳನ್ನು ಉಜ್ಜಿ ಅಳಿಸಿ ಹೊಸದಾಗಿ ಕುಟ್ಟುವವರೂ ಇದ್ದಾರೆ. ಆದರೆ ಕಾರ್ಖಾನೆಯ ಯಂತ್ರ ಆ ಜಾಗವನ್ನು ನಯ ಮಾಡುವಾಗ ಬಿಟ್ಟ ಸಮಾನಾಂತರ ಸೂಕ್ಷ್ಮ ಗೆರೆಗಳು ಉಜ್ಜಿದೊಡನೆ ಹೋಗುತ್ತವೆ. ಭೂತಕನ್ನಡಿ ಹಿಡಿದವರಿಗೆ ಆ ಗೆರೆ ಇಲ್ಲದಿರುವುದೇ ಕಥೆ ಹೇಳುತ್ತದೆ.

ಮೂರನೆಯದು ಕಾಗದ ಮತ್ತು ಲೋಹದ ನೆಂಟಸ್ತನ. ಐವತ್ತು ವರ್ಷ ಒಟ್ಟಿಗೆ ಇದ್ದ ಕಾಗದವೂ ಟ್ಯಾಂಕೂ ಒಟ್ಟಿಗೇ ಮುಪ್ಪಾಗಿರುತ್ತವೆ. ಟ್ಯಾಂಕಿನ ಮೇಲೆ ನೀರು ನಿಂತ ಕಲೆ ಕಾಗದದ ಮೇಲೂ ಮುಂದುವರಿದಿರುತ್ತದೆ. ತುಕ್ಕು ಕಾಗದದ ಕೆಳಗಿನಿಂದ ಮೇಲಕ್ಕೆ ಒಸರಿರುತ್ತದೆ. ಹಳೆಯ ಕಲೆಯ ಮೇಲೆ ಕಲೆಯಿಲ್ಲದ ಕಾಗದ ಕಂಡರೆ, ಇಲ್ಲವೇ ಥಳಥಳಿಸುವ ಹೊಸ ಟ್ಯಾಂಕಿನ ಮೇಲೆ ಜೀರ್ಣವಾದ ಕಾಗದ ಕಂಡರೆ ಸಂಶಯಪಡಲೇಬೇಕು.

ಇಷ್ಟಾಗಿಯೂ ಒಂದೇ ಗುರುತನ್ನು ಹಿಡಿದು ತೀರ್ಪು ಕೊಡುವುದು ಸಲ್ಲ. ಕಾರ್ಖಾನೆಯ ಗಡಿಬಿಡಿಯಲ್ಲಿ ಒಂದು ಕಾರಿನ ಹಾಳೆ ಇನ್ನೊಂದಕ್ಕೆ ಅಂಟಿಕೊಂಡದ್ದೂ ಉಂಟು. ಅದಕ್ಕಾಗಿ 1965ರಿಂದ ವಾರಂಟಿ ಪುಸ್ತಕದ ಜೊತೆ ಕೊಡುತ್ತಿದ್ದ ಉಬ್ಬಕ್ಷರದ ಲೋಹದ ಬಿಲ್ಲೆ, ಡೀಲರಿನ ಬಿಲ್ಲು, ಗಾಜಿಗೆ ಅಂಟಿಸಿದ್ದ ಬೆಲೆಚೀಟಿ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ನೋಡುತ್ತಾರೆ. 1974ರಲ್ಲಿ ಹುಟ್ಟಿದ ಅಲ್ಲಿನ ಕಾರ್ವೆಟ್ ಪುನರುದ್ಧಾರಕರ ರಾಷ್ಟ್ರೀಯ ಸಂಘ ಇಂಥ ಜ್ಞಾನವನ್ನು ವರ್ಷಗಟ್ಟಲೆ ಕೂಡಿಹಾಕಿದೆ.

ಕಾಗದ ಇಲ್ಲದಿದ್ದರೆ?

ಇನ್ನು ಕೊನೆಯ ಮಾತು. ಬಹಳಷ್ಟು ಕಾರುಗಳಲ್ಲಿ ಈ ಹಾಳೆ ಇಲ್ಲವೇ ಇಲ್ಲ. ಮೊದಲೇ ಹೇಳಿದಂತೆ ಉಕ್ಕಿನ ಟ್ಯಾಂಕಿಗೆ ತುಕ್ಕು ತಪ್ಪಿದ್ದಲ್ಲ. 1970ರ, 80ರ ದಶಕಗಳಲ್ಲಿ ಟ್ಯಾಂಕ್ ಸೋರಿದರೆ ಮಾಲೀಕರು ಮಾಡಬೇಕಾದದ್ದನ್ನೇ ಮಾಡಿದರು: ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೂರಿಸಿದರು. ಸೋರುವ ಟ್ಯಾಂಕಿನ ಕಾರನ್ನು ಮಕ್ಕಳು ಮರಿ ಕೂರಿಸಿಕೊಂಡು ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಕಾಗದವೂ ಅದರೊಡನೆ ಹೋಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಹಾಳೆ ಇಲ್ಲದ ಮಾತ್ರಕ್ಕೆ ಕಾರು ನಕಲಿಯಲ್ಲ. ಅದರ ಬಗ್ಗೆ ಖಚಿತವಾಗಿ ಹೇಳಬಹುದಾದ ಮಾತು ಕಡಿಮೆಯಾಗುತ್ತದೆ, ಅಷ್ಟೇ.

ಆದರೆ ಆ ಕಡಿಮೆಯಾದದ್ದನ್ನು ತುಂಬಿಕೊಡುತ್ತೇನೆ ಎಂದು ಸುಳ್ಳು ಹಾಳೆ ಅಂಟಿಸಿದಾಗ ಹಾಳಾಗುವುದು ಒಬ್ಬ ಗಿರಾಕಿಯ ಹಣವೊಂದೇ ಅಲ್ಲ. ಅಂದು ತಯಾರಾದ 20 ಕಾರು ಇಂದು 25 ಆಗುತ್ತದೆ. ನಿಜವಾದ 20ರ ಮಾಲೀಕರೂ ಸಂಶಯದ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅರ್ಧ ಶತಮಾನ ಉಳಿದುಬಂದ ಅಸಲಿ ಹಾಳೆಯ ಮಾತನ್ನೂ ಜನ ನಂಬದಂತಾಗುತ್ತದೆ. ಒಂದು ಸುಳ್ಳು ಸಾಕ್ಷಿ ಹತ್ತು ನಿಜ ಸಾಕ್ಷಿಗಳ ಬಾಯಿ ಕಟ್ಟುತ್ತದೆ.

ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರು ಮಾಡಬಹುದಾದ ದೊಡ್ಡ ಉಪಕಾರ ತೀರ ಸಣ್ಣದು. ‘ಈ ಟ್ಯಾಂಕ್ ಇಂಥ ವರ್ಷ ಬದಲಾಯಿಸಿದ್ದು, ಹಳೆಯದರ ಮೇಲಿನ ಕಾಗದ ಓದಲು ಬರುವಂತಿರಲಿಲ್ಲ’ ಎಂದು ಒಂದು ಸಾಲು ಬರೆದು, ರಿಪೇರಿಯ ಬಿಲ್ಲಿನ ಜೊತೆ ಇಟ್ಟರೆ ಸಾಕು. ಅದರಿಂದ ಬೆಲೆ ಏರದಿರಬಹುದು. ಆದರೆ ಮುಂದೆ ಆ ಕಾರನ್ನು ಕೊಳ್ಳುವವರು ಕನ್ನಡಿ, ಟಾರ್ಚ್ ಹಿಡಿದು ಕೆಳಗೆ ತೂರಿದಾಗ ಅವರಿಗೆ ನಂಬಬಹುದಾದ ಒಂದು ಮಾತಾದರೂ ಸಿಗುತ್ತದೆ.